ಹಳೆಯ ಸಣ್ಣ ಕಾರಿನ ಮುಂದಿನ ಚಕ್ರದ ಬೇರಿಂಗ್ ಬದಲಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹೊಸ ಬೇರಿಂಗ್ ಹಾಕಿ ಒಂದೆರಡು ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ಗುಂಯ್‌ಗುಡುವ ಸದ್ದು ಶುರುವಾದರೆ ಎಲ್ಲರೂ ಬೈಯುವುದು ಬೇರಿಂಗನ್ನೇ. ಕಳಪೆ ಮಾಲು ಸಿಕ್ಕಿತೆಂದು ಇನ್ನೊಂದನ್ನು ತಂದು ಅದೇ ರೀತಿ ಕೂರಿಸುತ್ತಾರೆ. ಅದೂ ಹಾಳಾಗುತ್ತದೆ. ತಪ್ಪು ಹೆಚ್ಚಾಗಿ ಇರುವುದು ಕೂರಿಸಿದ ಬಗೆಯಲ್ಲಿ. ಪ್ರೆಸ್ (ಭಾಗಗಳನ್ನು ಒತ್ತಿ ಕೂರಿಸುವ ಯಂತ್ರ) ಒತ್ತುವಾಗ ಬಲ ತಪ್ಪು ರೇಸ್ ಮೇಲೆ, ಅಂದರೆ ಗುಂಡುಗಳು ಉರುಳುವ ಒಳ ಹೊರ ಉಂಗುರಗಳಲ್ಲಿ ತಪ್ಪಾದದ್ದರ ಮೇಲೆ ಬಿದ್ದಿರುತ್ತದೆ, ಇಲ್ಲವೇ ಚಕ್ರದ ನಡುವಿನ ಆಕ್ಸಲ್ ನಟ್ ಪೂರ್ತಿ ಬಿಗಿಯಾಗುವ ಮೊದಲೇ ಕಾರಿನ ಭಾರ ಹೊಸ ಬೇರಿಂಗ್ ಮೇಲೆ ಕೂತಿರುತ್ತದೆ. ಈ ಎರಡನ್ನು ತಪ್ಪಿಸಿಕೊಂಡರೆ ಉಳಿದದ್ದೆಲ್ಲ ನಟ್ಟು ಬೋಲ್ಟು ಬಿಚ್ಚಿ ಹಾಕುವ ಕೆಲಸ.

ಇಲ್ಲಿರುವ ಕ್ರಮ ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವ, ಬೇರಿಂಗನ್ನು ಸ್ಟೀರಿಂಗ್ ನಕಲ್‌ನೊಳಗೆ ಒತ್ತಿ ಕೂರಿಸಿರುವ ಕಾರುಗಳಿಗೆ. ಹಳೆಯ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಈ ಬಗೆಯವೇ. ನಕಲ್ ಎಂದರೆ ಸ್ಟ್ರಟ್ (ಸ್ಪ್ರಿಂಗ್ ಇರುವ ಕಂಬ), ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು), ಟೈ ರಾಡ್ (ಸ್ಟೀರಿಂಗ್‌ನ ಕಡ್ಡಿ) ಮೂರೂ ಬಂದು ಸೇರುವ ಎರಕದ ಭಾಗ. ನಿಮ್ಮ ಕಾರಿನಲ್ಲಿ ಬೇರಿಂಗ್ ಮತ್ತು ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಒಂದೇ ತುಂಡಾಗಿದ್ದು ಬೋಲ್ಟ್‌ಗಳಿಂದ ನಿಂತಿದ್ದರೆ ಪ್ರೆಸ್‌ನ ಹಂತಗಳನ್ನು ಬಿಡಿ. ಆಕ್ಸಲ್ ನಟ್‌ನ ನಿಯಮ ಮಾತ್ರ ಅದಕ್ಕೂ ಅನ್ವಯಿಸುತ್ತದೆ.

## ಬಿಚ್ಚುವ ಮೊದಲು: ಸದ್ದು ಬೇರಿಂಗ್‌ನದೇ ಹೌದೇ?

ಬೇರಿಂಗ್‌ನ ಸದ್ದು ಕಾರಿನ ವೇಗದ ಜೊತೆ ಏರುತ್ತದೆ, ಎಂಜಿನ್ನಿನ ವೇಗದ ಜೊತೆಗಲ್ಲ. ಖಾಲಿ ರಸ್ತೆಯಲ್ಲಿ ಗೇರ್ ನ್ಯೂಟ್ರಲ್‌ಗೆ ತಂದಾಗಲೂ ಸದ್ದು ಹಾಗೇ ಉಳಿದರೆ ಎಂಜಿನ್ ಮೇಲಿನ ಅನುಮಾನ ಬಿಡಬಹುದು. ರಸ್ತೆಯ ಮೇಲ್ಮೈ ಬದಲಾದಂತೆ ಸದ್ದೂ ಬದಲಾದರೆ ಅದು ಟೈರ್‌ನದು. ಅಲೆಅಲೆಯಾಗಿ ಸವೆದ ಟೈರ್ ಥೇಟ್ ಬೇರಿಂಗ್‌ನಂತೆಯೇ ಕೂಗುತ್ತದೆ. ಹಾಗಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿ ಒಮ್ಮೆ ಓಡಿಸಿ ನೋಡುವುದು ಲೇಸು.

ಯಾವ ಬದಿ ಎಂದು ತಿಳಿಯಲು ಅಗಲವಾದ ತಿರುವಿನಲ್ಲಿ ಕಿವಿಗೊಡಿ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲ ಚಕ್ರದ ಮೇಲೆ ವಾಲುತ್ತದೆ. ಆಗ ಸದ್ದು ಜೋರಾದರೆ ಅನುಮಾನ ಬಲಗಡೆಯದರ ಮೇಲೆ. ಇದು ಸುಳಿವು ಮಾತ್ರ, ತೀರ್ಪಲ್ಲ. ಬೇರಿಂಗ್‌ನೊಳಗಿನ ಎರಡು ಸಾಲು ಗುಂಡುಗಳಲ್ಲಿ ಯಾವ ಸಾಲು ಕೆಟ್ಟಿದೆ ಎನ್ನುವುದರ ಮೇಲೆ ಈ ಲೆಕ್ಕ ತಿರುಗುಮುರುಗು ಆಗುವುದುಂಟು.

ತೀರ್ಪು ಸಿಗುವುದು ಚಕ್ರವನ್ನು ಎತ್ತಿದಾಗ. ಎಂಜಿನ್ ಆರಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಒಂದು ಕೈಯಿಂದ ಚಕ್ರ ತಿರುಗಿಸಿ ಇನ್ನೊಂದು ಕೈಯನ್ನು ಸ್ಟ್ರಟ್‌ನ ಸ್ಪ್ರಿಂಗ್ ಮೇಲೆ ಇಡಿ. ಕೆಟ್ಟ ಬೇರಿಂಗ್ ಇದ್ದರೆ ಮರಳು ಅರೆದಂತಹ ಸಣ್ಣ ನಡುಕ ಸ್ಪ್ರಿಂಗ್ ಮೂಲಕ ಬೆರಳಿಗೆ ತಾಗುತ್ತದೆ. ಕಿವಿಗೆ ಏನೂ ಕೇಳದಿದ್ದಾಗಲೂ ಬೆರಳಿಗೆ ಗೊತ್ತಾಗುತ್ತದೆ. ಇನ್ನೊಂದು ಬದಿಯನ್ನೂ ಹೀಗೇ ಮುಟ್ಟಿ ನೋಡಿ, ವ್ಯತ್ಯಾಸ ತಾನೇ ಹೇಳುತ್ತದೆ.

ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಾಟ ಕಂಡರೆ ಸಹಾಯಕರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಅಲುಗಾಟ ಮಾಯವಾದರೆ ದೋಷ ಬೇರಿಂಗ್‌ನಲ್ಲಿದೆ. ಹಾಗೇ ಉಳಿದರೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ಮತ್ತು ನಕಲ್ ಸೇರುವ ಗುಂಡು ಕೀಲು) ಅಥವಾ ಸ್ಟ್ರಟ್ ನೋಡಬೇಕು. ಎಡ ಬಲ ಹಿಡಿದು ಅಲುಗಾಡಿಸಿದಾಗ ಮಾತ್ರ ಅಲುಗಾಟ ಕಂಡರೆ ಟೈ ರಾಡ್ ಎಂಡ್ ಕಡೆ ನೋಡಿ.

## ಕೈಯಲ್ಲಿರಬೇಕಾದದ್ದು

ಬಿಡಿಭಾಗಗಳು: ಬೇರಿಂಗ್, ಹೊಸ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ತಡೆಯುವ ಸ್ಪ್ರಿಂಗ್ ಉಂಗುರ), ಹೊಸ ಆಕ್ಸಲ್ ನಟ್, ಸ್ಪ್ಲಿಟ್ ಪಿನ್‌ಗಳು, ನಿಮ್ಮ ಮಾದರಿಯಲ್ಲಿ ಬೇರೆ ಸೀಲ್‌ಗಳಿದ್ದರೆ ಅವೂ. ಬೇರಿಂಗ್ ತರುವಾಗ ಕಾರಿನ ಹೆಸರನ್ನಷ್ಟೇ ಹೇಳಿ ತರಬೇಡಿ. ಒಂದೇ ಮಾದರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಅಳತೆಯದು ಬಂದಿರಬಹುದು. ಒಳವ್ಯಾಸ, ಹೊರವ್ಯಾಸ, ಅಗಲ ಈ ಮೂರೂ ಹಳೆಯದಕ್ಕೆ ಹೊಂದಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಸೀಲ್‌ನಲ್ಲಿ ಮ್ಯಾಗ್ನೆಟಿಕ್ ರಿಂಗ್ ಇರುವ ಬೇರಿಂಗ್ ಬೇಕೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಕೂರಿಸುವ ಗಳಿಗೆಯವರೆಗೂ ಹೊಸ ಬೇರಿಂಗ್‌ನ ಹೊದಿಕೆ ತೆಗೆಯಬೇಡಿ. ಸೀಲ್ ಆದ ಬೇರಿಂಗನ್ನು ತೊಳೆಯುವ, ಅದಕ್ಕೆ ಗ್ರೀಸ್ ತುಂಬುವ ಗೋಜಿಗೂ ಹೋಗಬೇಡಿ.

ಸಲಕರಣೆಗಳು:

- ಜ್ಯಾಕ್, ಗಟ್ಟಿಯಾದ ಎರಡು ಆಕ್ಸಲ್ ಸ್ಟ್ಯಾಂಡ್, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ
- ಆಕ್ಸಲ್ ನಟ್‌ಗೆ ಸರಿಹೊಂದುವ ಆರು ಮೂಲೆಯ ಸಾಕೆಟ್ (ಸಣ್ಣ ಕಾರುಗಳಲ್ಲಿ 30 ಅಥವಾ 32 ಮಿ.ಮೀ. ಹೆಚ್ಚು ಬಳಕೆ), ಉದ್ದನೆಯ ಬ್ರೇಕರ್ ಬಾರ್
- ಕನಿಷ್ಠ 250 ನ್ಯೂಟನ್ ಮೀಟರ್‌ವರೆಗೆ ಹೋಗುವ ಟಾರ್ಕ್ ರೆಂಚ್ (ಬಿಗಿತವನ್ನು ಅಳೆದು ತಿರುಗಿಸುವ ರೆಂಚ್)
- ಬಾಲ್ ಜಾಯಿಂಟ್ ಪುಲ್ಲರ್, ಸರ್ಕ್ಲಿಪ್ ಪ್ಲಾಯರ್, ಬೇರಿಂಗ್ ಸ್ಪ್ಲಿಟರ್ (ರೇಸ್‌ನ ಹಿಂದೆ ಕಚ್ಚಿಸುವ ಎರಡು ಹೋಳಿನ ಹಿಡಿತ)
- ಹೈಡ್ರಾಲಿಕ್ ಪ್ರೆಸ್ (10 ಟನ್‌ನದು ಸಾಮಾನ್ಯವಾಗಿ ಸಾಕು, 20 ಟನ್ ಇದ್ದರೆ ನಿರಾಳ), ಬೇರೆ ಬೇರೆ ವ್ಯಾಸದ ಒತ್ತುವ ಬಳೆಗಳು
- ವರ್ನಿಯರ್, ವಯರ್ ಬ್ರಷ್, ನಯವಾದ ಎಮರಿ ಪೇಪರ್, ತುಕ್ಕು ಬಿಡಿಸುವ ಎಣ್ಣೆ
- ಕಣ್ಣಿಗೆ ಕನ್ನಡಕ, ದಪ್ಪ ಕೈಗವಸು

ಕನ್ನಡಕವನ್ನು ಕೊನೆಯಲ್ಲಿ ಬರೆದಿದ್ದರೂ ಅದಿಲ್ಲದೆ ಪ್ರೆಸ್ ಹತ್ತಿರ ಹೋಗಬಾರದು. ಬೇರಿಂಗ್‌ನ ರೇಸ್ ಗಡಸು ಉಕ್ಕು. ಅದು ಬಾಗುವುದಿಲ್ಲ, ಸಿಡಿಯುತ್ತದೆ.

ಪ್ರೆಸ್ ಇಲ್ಲದವರಿಗೆ ಎರಡು ದಾರಿ. ಸ್ಕ್ರೂ ತಿರುಗಿಸಿ ಎಳೆಯುವ ಬೇರಿಂಗ್ ಕಿಟ್ ಬಳಸಿ ನಕಲ್ ಕಾರಿನಲ್ಲಿರುವಾಗಲೇ ಕೆಲಸ ಮಾಡಬಹುದು. ಇಲ್ಲವೇ ನಕಲ್ ಬಿಚ್ಚಿಕೊಂಡು ಪ್ರೆಸ್ ಇರುವಲ್ಲಿಗೆ ಒಯ್ಯಬಹುದು. ಎರಡನೆಯದಾದರೆ ಎದುರಿಗೇ ನಿಂತು ಹಂತ 7 ಮತ್ತು 8ರಲ್ಲಿ ಹೇಳಿದಂತೆ ಆಧಾರ ಕೊಟ್ಟಿದ್ದಾರೆಯೇ ಎಂದು ನೋಡಿ. ಸುತ್ತಿಗೆಯಿಂದ ಹೊಡೆದು ಕೂರಿಸುವವರ ಕೈಗೆ ಕೊಡಬೇಡಿ.

## ಹಂತ 1: ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ ಸಡಿಲಿಸಿ

ಕಾರನ್ನು ಎತ್ತಿದ ಮೇಲೆ ಈ ನಟ್ ಬಿಚ್ಚಲು ಹೊರಟರೆ ಚಕ್ರ ತಿರುಗುತ್ತದೆ, ಜೋರು ಹಾಕಿದರೆ ಕಾರು ಸ್ಟ್ಯಾಂಡ್‌ನಿಂದ ಜಾರುವ ಅಪಾಯವಿದೆ. ಆದ್ದರಿಂದ ನೆಲದ ಮೇಲೇ ಶುರು ಮಾಡಿ. ಮಧ್ಯದ ಮುಚ್ಚಳ ತೆಗೆಯಿರಿ. ನಟ್‌ನ ಅಂಚನ್ನು ಡ್ರೈವ್ ಶಾಫ್ಟ್‌ನ (ಎಂಜಿನ್ನಿನ ಬಲವನ್ನು ಚಕ್ರಕ್ಕೆ ತರುವ ದಂಡ) ತೋಡಿನೊಳಗೆ ತಟ್ಟಿ ಕೂರಿಸಿದ್ದರೆ ಸಣ್ಣ ಉಳಿಯಿಂದ ಅದನ್ನು ಪೂರ್ತಿ ಎಬ್ಬಿಸಿ. ಅರೆಬರೆ ಎಬ್ಬಿಸಿ ತಿರುಗಿಸಿದರೆ ಶಾಫ್ಟ್‌ನ ಎಳೆಗಳು ಕಿತ್ತುಬರುತ್ತವೆ, ಆಗ ಡ್ರೈವ್ ಶಾಫ್ಟ್‌ಗೇ ಖರ್ಚು. ಸ್ಪ್ಲಿಟ್ ಪಿನ್ ಇದ್ದರೆ ಎಳೆದು ಬಿಸಾಡಿ.

ಸಹಾಯಕರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕರ್ ಬಾರ್‌ನಿಂದ ನಟ್ ಅನ್ನು ಸಡಿಲಿಸಿ, ಆದರೆ ತೆಗೆಯಬೇಡಿ. ಚಕ್ರದ ನಟ್‌ಗಳನ್ನೂ ಈಗಲೇ ಅರ್ಧ ಸುತ್ತು ಸಡಿಲಿಸಿ. ನಟ್ ಸಡಿಲವಾದ ಮೇಲೆ ಕಾರನ್ನು ಒಂದಡಿಯೂ ಉರುಳಿಸಬೇಡಿ.

## ಹಂತ 2: ಎತ್ತಿ, ಚಕ್ರ ಮತ್ತು ಬ್ರೇಕ್ ಬಿಚ್ಚಿ

ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಕಾರನ್ನು ಜ್ಯಾಕ್ ಮೇಲೆ ಮಾತ್ರ ಬಿಟ್ಟು ಕೆಲಸ ಮಾಡಬಾರದು.

ಕ್ಯಾಲಿಪರ್ (ಡಿಸ್ಕ್ ಅನ್ನು ಹಿಡಿಯುವ ಬ್ರೇಕ್ ಭಾಗ) ಬಿಚ್ಚಿ ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ. ಬ್ರೇಕ್ ಹೋಸ್‌ನಲ್ಲಿ ನೇತಾಡಲು ಬಿಟ್ಟರೆ ಹೋಸ್ ಒಳಗಿನಿಂದ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ. ಬ್ರೇಕ್ ದೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಬ್ರಾಕೆಟ್, ಡಿಸ್ಕ್ ತೆಗೆಯಿರಿ.

## ಹಂತ 3: ನಕಲ್ ಬಿಡಿಸುವುದು

ಎಬಿಎಸ್ ಸೆನ್ಸರ್ ಇದ್ದರೆ ಮೊದಲು ಅದನ್ನು ಬಿಡಿಸಿ ದೂರವಿಡಿ. ಹಳೆಯ ಕಾರಿನಲ್ಲಿ ಅದು ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎಬ್ಬಿಸಿ. ಪ್ಲಾಯರ್‌ನಿಂದ ಎಳೆದರೆ ತಲೆ ಮುರಿದು ತುಂಡು ಒಳಗೇ ಉಳಿಯುತ್ತದೆ.

ಟೈ ರಾಡ್ ಎಂಡ್‌ನ ಪಿನ್ ತೆಗೆದು, ನಟ್ ಸಡಿಲಿಸಿ, ಪುಲ್ಲರ್ ಹಾಕಿ ಬಿಡಿಸಿ. ಫೋರ್ಕ್ ತೂರಿಸಿ ಹೊಡೆದರೆ ಜಾಯಿಂಟ್‌ನ ರಬ್ಬರ್ ಹರಿಯುವುದು ಖಚಿತ. ಟೈ ರಾಡ್‌ನ ಉದ್ದ ಹೊಂದಿಸುವ ನಟ್ ಮುಟ್ಟಬೇಡಿ, ಮುಟ್ಟಿದರೆ ಅಲೈನ್‌ಮೆಂಟ್ ಹೋಗುತ್ತದೆ.

ಕೆಳಗಿನ ಬಾಲ್ ಜಾಯಿಂಟ್ ಅಡ್ಡ ಬೋಲ್ಟ್‌ನಿಂದ ನಿಂತಿದ್ದರೆ ಆ ಬೋಲ್ಟ್ ಅನ್ನು ಪೂರ್ತಿ ಹೊರಗೆಳೆಯಿರಿ. ಅದು ಜಾಯಿಂಟ್‌ನ ಕಡ್ಡಿಯ ತೋಡಿನಲ್ಲಿ ಕೂತಿರುತ್ತದೆ. ಸಡಿಲಿಸಿದರೆ ಸಾಲದು, ಇರುವವರೆಗೂ ಜಾಯಿಂಟ್ ಇಳಿಯುವುದಿಲ್ಲ.

ಈಗ ಆಕ್ಸಲ್ ನಟ್ ತೆಗೆದು ಡ್ರೈವ್ ಶಾಫ್ಟ್ ಅನ್ನು ಹಬ್‌ನಿಂದ ಒಳಕ್ಕೆ ತಳ್ಳಿ. ಬರದಿದ್ದರೆ ಹಳೆಯ ನಟ್ ಅನ್ನು ಶಾಫ್ಟ್‌ನ ತುದಿಗೆ ಸಮನಾಗುವಂತೆ ತಿರುಗಿಸಿಟ್ಟು, ಹಿತ್ತಾಳೆ ಅಥವಾ ಮರದ ತುಂಡು ಅಡ್ಡವಿಟ್ಟು ತಟ್ಟಿ. ಅದಕ್ಕೂ ಬಗ್ಗದಿದ್ದರೆ ಹಬ್ ಪುಲ್ಲರ್ ಹಾಕಬೇಕೇ ಹೊರತು ಸುತ್ತಿಗೆ ದೊಡ್ಡದಾಗಬಾರದು. ಬಿಡಿಸಿದ ಶಾಫ್ಟ್ ಅನ್ನು ತಂತಿಯಿಂದ ಅಡ್ಡಕ್ಕೆ ಕಟ್ಟಿ. ಹೊರಕ್ಕೆ ಎಳೆದರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಒಳಗೇ ಕಳಚಿಕೊಳ್ಳಬಹುದು, ನೇತಾಡಲು ಬಿಟ್ಟರೆ ಬೂಟ್ (ಜಾಯಿಂಟ್‌ನ ರಬ್ಬರ್ ಹೊದಿಕೆ) ಹರಿಯಬಹುದು.

ಕೊನೆಗೆ ಸ್ಟ್ರಟ್‌ನ ಎರಡು ಬೋಲ್ಟ್. ಬಿಚ್ಚುವ ಮುನ್ನ ಬೋಲ್ಟ್‌ನ ತಲೆ ಮತ್ತು ಸ್ಟ್ರಟ್ ಸೇರುವಲ್ಲಿ ಬಣ್ಣದಿಂದ ಗೆರೆ ಎಳೆಯಿರಿ. ಬೋಲ್ಟ್ ಮತ್ತು ತೂತಿನ ನಡುವಿನ ಸಣ್ಣ ಸಡಿಲದಲ್ಲೇ ಚಕ್ರದ ವಾಲು ಬದಲಾಗುತ್ತದೆ.

## ಹಂತ 4: ಹಬ್ ಹೊರಗೆ

ನಕಲ್‌ನ ಹೊರಬದಿ, ಅಂದರೆ ಚಕ್ರ ಕೂರುವ ಬದಿ ಕೆಳಗಾಗುವಂತೆ ಪ್ರೆಸ್ ಮೇಲಿಡಿ. ಆಧಾರ ನಕಲ್‌ಗೆ ಇರಲಿ, ಹಬ್ ಕೆಳಕ್ಕೆ ಇಳಿಯಲು ಜಾಗವಿರಲಿ. ಮೇಲಿನಿಂದ ಹಬ್‌ನ ಕೊಳವೆಯ ತುದಿಯನ್ನು ಒತ್ತಿ. ಡಸ್ಟ್ ಶೀಲ್ಡ್‌ನ ತೆಳು ತಗಡಿನ ಮೇಲೆ ನಕಲ್‌ನ ಭಾರ ಬೀಳದಂತೆ ನೋಡಿಕೊಳ್ಳಿ.

ಹಬ್ ಬರುವಾಗ ಒಳ ರೇಸ್‌ನ ಹೊರಬದಿಯ ತುಂಡು ಕೂಡ ಅದರ ಜೊತೆ ಕಿತ್ತುಕೊಂಡು ಬರುತ್ತದೆ. ಇದು ಸಹಜ, ಹೆದರಬೇಕಿಲ್ಲ. ಹಾಗೆಯೇ, ಹಬ್ ಒಮ್ಮೆ ಹೊರಬಂತೆಂದರೆ ಆ ಬೇರಿಂಗ್‌ನ ಆಯುಸ್ಸು ಮುಗಿಯಿತು. ಬೇರೆ ಕೆಲಸಕ್ಕೆಂದು ಹಬ್ ಬಿಚ್ಚಿದ್ದರೂ ಹಳೆಯ ಬೇರಿಂಗನ್ನು ಮತ್ತೆ ಒತ್ತಿ ಕೂರಿಸುವಂತಿಲ್ಲ.

## ಹಂತ 5: ಹಬ್‌ಗೆ ಅಂಟಿದ ರೇಸ್ ಮತ್ತು ಹಳೆಯ ಬೇರಿಂಗ್

ಹಬ್ ಮೇಲಿನ ರೇಸ್‌ನ ಹಿಂದೆ ಬೇರಿಂಗ್ ಸ್ಪ್ಲಿಟರ್ ಕಚ್ಚಿಸಿ ಪ್ರೆಸ್‌ನಿಂದ ಒತ್ತಿ ತೆಗೆಯಿರಿ. ಸ್ಪ್ಲಿಟರ್ ಕಚ್ಚಲು ಜಾಗವೇ ಇಲ್ಲದಿದ್ದರೆ ಗ್ರೈಂಡರ್‌ನಿಂದ ರೇಸ್‌ಗೆ ಅಡ್ಡ ಗೀರು ಹಾಕಿ, ದಪ್ಪದ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ಆ ಗೀರಿನಲ್ಲಿ ಉಳಿ ಇಟ್ಟು ಒಂದೇಟು ಹಾಕಿ. ರೇಸ್ ಟಪ್ಪೆಂದು ಬಿರಿದು ಸಡಿಲವಾಗುತ್ತದೆ. ಗ್ರೈಂಡರ್ ಒಂದು ಕೂದಲೆಳೆ ಹೆಚ್ಚು ಇಳಿದರೂ ಹಬ್‌ನ ಮೈ ಗೀರುತ್ತದೆ. ಆಳದ ಗೀರು ಬಿದ್ದ ಹಬ್ ಬಿಸಾಡಬೇಕಾಗುತ್ತದೆ.

ಇನ್ನು ನಕಲ್. ಒತ್ತುವ ಮೊದಲು ಸರ್ಕ್ಲಿಪ್ ಹುಡುಕಿ. ಸುಮ್ಮನೆ ಕಣ್ಣಾಡಿಸಿದರೆ ಕಾಣುವುದಿಲ್ಲ, ತುಕ್ಕು ಮತ್ತು ಕೊಳೆ ಸೇರಿ ನಕಲ್‌ನ ಮೈಯಂತೆಯೇ ಆಗಿರುತ್ತದೆ. ವಯರ್ ಬ್ರಷ್‌ನಿಂದ ಉಜ್ಜಿ, ಎರಡೂ ಬದಿ ನೋಡಿ. ಕೆಲವು ನಕಲ್‌ಗಳಲ್ಲಿ ಎರಡು ಕಡೆಯೂ ಇರುತ್ತವೆ. ಸರ್ಕ್ಲಿಪ್ ಒಳಗಿರುವಾಗಲೇ ಪ್ರೆಸ್ ಒತ್ತಿ ನಕಲ್ ಒಡೆದುಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿಯ ತಪ್ಪು. ಗೇಜ್ ಏರುತ್ತಿದೆ, ಬೇರಿಂಗ್ ಮಿಸುಕುತ್ತಿಲ್ಲ ಎಂದರೆ ತಕ್ಷಣ ನಿಲ್ಲಿಸಿ ಮತ್ತೆ ಸರ್ಕ್ಲಿಪ್ ಹುಡುಕಿ, ಬೇರಿಂಗ್ ಯಾವ ಬದಿಯಿಂದ ಹೊರಬರಬೇಕು ಎಂದು ಇನ್ನೊಮ್ಮೆ ಯೋಚಿಸಿ. ತುಕ್ಕಿನಿಂದ ಕಚ್ಚಿಕೊಂಡದ್ದು ಬಿಡುವಾಗ ಗುಂಡು ಹೊಡೆದಂತೆ ಸದ್ದಾಗುತ್ತದೆ. ಮುಖ ಪಕ್ಕಕ್ಕಿರಲಿ.

ಹೊರಬಂದ ಹಳೆಯ ಹೊರ ರೇಸ್ ಬಿಸಾಡಬೇಡಿ. ಅದರ ಹೊರಮೈಯನ್ನು ಗ್ರೈಂಡರ್‌ನಿಂದ ಸ್ವಲ್ಪ ತೆಳ್ಳಗೆ ಮಾಡಿದರೆ ಹೊಸದನ್ನು ಒತ್ತಲು ಅದಕ್ಕಿಂತ ಒಳ್ಳೆಯ ಬಳೆ ಇಲ್ಲ. ತೆಳ್ಳಗೆ ಮಾಡದೆ ಬಳಸಿದರೆ ಅದೂ ಹೊಸದರ ಹಿಂದೆಯೇ ಹೋಗಿ ಸಿಕ್ಕಿಕೊಳ್ಳುತ್ತದೆ.

## ಹಂತ 6: ಬೇರಿಂಗ್ ಕೂರುವ ಮನೆ ಸ್ವಚ್ಛ ಮಾಡಿ, ಅಳತೆ ನೋಡಿ

ಆತುರದಲ್ಲಿ ಎಲ್ಲರೂ ಹಾರಿಸುವ ಹಂತ ಇದು. ಬೇರಿಂಗ್ ಕೂರುವ ತೂತು, ಅದರ ಕೊನೆಯ ಮೆಟ್ಟಿಲು, ಸರ್ಕ್ಲಿಪ್‌ನ ತೋಡು, ಹಬ್‌ನ ಕೊಳವೆ ಎಲ್ಲವೂ ಲೋಹ ಹೊಳೆಯುವಷ್ಟು ಸ್ವಚ್ಛವಾಗಬೇಕು. ಮೆಟ್ಟಿಲಿನ ಮೇಲೆ ತುಕ್ಕಿನ ಒಂದು ಚೂರು ಉಳಿದರೆ ಬೇರಿಂಗ್ ಅದರ ಮೇಲೆ ಓರೆಯಾಗಿ ಕೂರುತ್ತದೆ, ಸರ್ಕ್ಲಿಪ್‌ಗೆ ತೋಡು ಸಿಗುವುದಿಲ್ಲ. ಎಮರಿ ಪೇಪರ್ ಬಳಸುವಾಗ ತುಕ್ಕನ್ನಷ್ಟೇ ತೆಗೆಯಿರಿ, ಲೋಹವನ್ನಲ್ಲ. ಬೇರಿಂಗ್ ನಿಲ್ಲುವುದು ಮಿಲಿಮೀಟರ್‌ನ ನೂರರಲ್ಲಿ ಕೆಲವು ಭಾಗದಷ್ಟು ಬಿಗಿಯಿಂದ. ಅದನ್ನು ಉಜ್ಜಿ ಕಳೆದರೆ ಮತ್ತೆ ಬಾರದು.

ಹಬ್‌ನ ಕೊಳವೆಯ ಮೇಲೆ ಬೆರಳುಗುರು ಆಡಿಸಿ. ಉಗುರಿಗೆ ಮೆಟ್ಟಿಲು ತಾಗಿದರೆ, ಅಥವಾ ಶಾಖಕ್ಕೆ ನೀಲಿಯಾದ ಪಟ್ಟಿ ಕಂಡರೆ ಹಳೆಯ ರೇಸ್ ಅದರ ಮೇಲೆ ಜಾರಿ ತಿರುಗಿದೆ ಎಂದು ಅರ್ಥ. ಅಂಥ ಹಬ್‌ಗೆ ಹೊಸ ಬೇರಿಂಗ್ ಹಾಕಿದರೆ ಅದೂ ಜಾರುತ್ತದೆ. ಹಬ್ ಬದಲಿಸಿ. ನಕಲ್‌ನ ತೂತಿಗೆ ಹೊಸ ಬೇರಿಂಗ್ ಪ್ರೆಸ್ಸೇ ಬೇಡವೆನ್ನುವಂತೆ ಕೈಯಿಂದಲೇ ಜಾರಿ ಒಳಗೆ ಹೋದರೆ ನಕಲ್ ಕೂಡ ಮುಗಿದಿದೆ. ಅಂಟು ಹಾಕಿ, ತಗಡು ಸುತ್ತಿ ಕೂರಿಸುವುದು ಪರಿಹಾರವಲ್ಲ.

## ಹಂತ 7: ಹೊಸ ಬೇರಿಂಗ್ ನಕಲ್‌ನೊಳಗೆ: ಒತ್ತಡ ಹೊರ ರೇಸ್‌ಗೆ ಮಾತ್ರ

ನಿಯಮ ಒಂದೇ: ಯಾವ ರೇಸ್ ಬಿಗಿಯಾಗಿ ಕೂರಬೇಕೋ ಆ ರೇಸ್‌ನ ಮೇಲೇ ಒತ್ತಬೇಕು. ನಕಲ್‌ನ ತೂತಿಗೆ ಬಿಗಿಯಾಗಿ ಕೂರುವುದು ಹೊರ ರೇಸ್, ಆದ್ದರಿಂದ ಬಳೆ ಹೊರ ರೇಸ್‌ನ ಅಂಚಿಗಷ್ಟೇ ತಾಗಬೇಕು. ಸೀಲ್‌ಗೂ ತಾಗಬಾರದು, ಒಳ ರೇಸ್‌ಗೂ ತಾಗಬಾರದು.

ಮ್ಯಾಗ್ನೆಟಿಕ್ ರಿಂಗ್ ಇರುವ ಬೇರಿಂಗ್ ಆದರೆ ಆ ಬದಿ ಸೆನ್ಸರ್ ಇರುವ ಕಡೆಗೆ ಬರಬೇಕು. ಎರಡೂ ಬದಿಯ ಸೀಲ್ ಒಂದೇ ತೆರನಾಗಿ ಕಂಡರೆ ಸಣ್ಣ ಪೇಪರ್ ಕ್ಲಿಪ್ ಹತ್ತಿರ ಹಿಡಿಯಿರಿ, ರಿಂಗ್ ಇರುವ ಬದಿ ಅದನ್ನು ಮೆಲ್ಲಗೆ ಸೆಳೆಯುತ್ತದೆ. ತಿರುಗಾಮುರುಗಾ ಕೂರಿಸಿದರೆ ಬೇರಿಂಗ್ ಚೆನ್ನಾಗಿಯೇ ತಿರುಗುತ್ತದೆ, ಎಬಿಎಸ್ ದೀಪ ಮಾತ್ರ ಆರುವುದಿಲ್ಲ. ಸರಿಪಡಿಸಲು ಇನ್ನೊಂದು ಬೇರಿಂಗೇ ಬೇಕು.

ತೂತಿಗೆ ತೆಳ್ಳಗೆ ಎಣ್ಣೆ ಸವರಿ. ಬೇರಿಂಗನ್ನು ನೇರವಾಗಿ ಇಟ್ಟು ಮೊದಲ ಎರಡು ಮೂರು ಮಿ.ಮೀ. ತೀರಾ ನಿಧಾನ ಒತ್ತಿ, ನಿಲ್ಲಿಸಿ, ಸುತ್ತಲೂ ಬಗ್ಗಿ ನೋಡಿ. ಒಂದು ಬದಿ ಮುಂದೆ ಹೋಗಿದ್ದರೆ ಒತ್ತಡ ಬಿಟ್ಟು ಮತ್ತೆ ನೇರ ಮಾಡಿ. ಒತ್ತುತ್ತಾ ಹೋದರೆ ತಾನೇ ನೆಟ್ಟಗಾಗುತ್ತದೆ ಎಂಬ ನಂಬಿಕೆ ಬೇಡ, ತೂತನ್ನು ಕೆರೆದುಕೊಂಡೇ ಅದು ಹೋಗುತ್ತದೆ. ಮೆಟ್ಟಿಲು ತಲುಪಿದಾಗ ಪ್ರೆಸ್‌ನ ಹಿಡಿ ದಿಢೀರನೆ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಬಿಗಿ ಹೆಚ್ಚೆನಿಸಿದರೆ ನಕಲ್ ಅನ್ನು ಮೆಲ್ಲಗೆ ಬಿಸಿ ಮಾಡಬಹುದು. ಲೆಕ್ಕ ಹೀಗಿದೆ: ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 64 ಮಿ.ಮೀ. ತೂತು 60 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 0.046 ಮಿ.ಮೀ. ಅಗಲವಾಗುತ್ತದೆ. ಬಿಗಿಯ ಬಹುಪಾಲು ಅದರಲ್ಲೇ ಕಳೆಯುತ್ತದೆ. ಹಾಟ್ ಏರ್ ಗನ್ ಸಾಕು. ಬೆಂಕಿಯ ಜ್ವಾಲೆ ಬೇಡ, ಬೇರಿಂಗನ್ನು ಬಿಸಿ ಮಾಡುವುದಂತೂ ಬೇಡವೇ ಬೇಡ, ಸೀಲ್ ಮತ್ತು ಗ್ರೀಸ್ ಎರಡೂ ಕೆಡುತ್ತವೆ. ಬೇರಿಂಗನ್ನು ಫ್ರೀಜರ್‌ನಲ್ಲಿಟ್ಟರೂ ಕುಗ್ಗುತ್ತದೆ, ಆದರೆ ಹೊರತೆಗೆದ ತಕ್ಷಣ ಅದರ ಮೇಲೆ ತೇವ ಕೂರುತ್ತದೆ. ಬಿಸಿ ಮಾಡುವ ದಾರಿಯೇ ಮೇಲು.

ಹೊಸ ಸರ್ಕ್ಲಿಪ್ ಹಾಕಿ. ಅದು ತೋಡಿನಲ್ಲಿ ಸುತ್ತಲೂ ಕೂತಿದೆಯೇ ಎಂದು ಸ್ಕ್ರೂಡ್ರೈವರ್ ತುದಿಯಿಂದ ತಿರುಗಿಸಿ ನೋಡಿ. ತೋಡಿಗೆ ಇಳಿಯದಿದ್ದರೆ ಬೇರಿಂಗ್ ಇನ್ನೂ ಮೆಟ್ಟಿಲು ಮುಟ್ಟಿಲ್ಲ.

## ಹಂತ 8: ಹಬ್ ಬೇರಿಂಗ್‌ನೊಳಗೆ: ಆಧಾರ ಒಳ ರೇಸ್‌ಗೆ

ಹೊಸ ಬೇರಿಂಗ್ ಸಾಯುವುದು ಹೆಚ್ಚಾಗಿ ಇಲ್ಲೇ. ಹಬ್ ಬಿಗಿಯಾಗಿ ಕೂರುವುದು ಒಳ ರೇಸ್‌ನೊಳಗೆ. ನಕಲ್ ಅನ್ನು ಎರಡು ಕಬ್ಬಿಣದ ತುಂಡುಗಳ ಮೇಲಿಟ್ಟು ಮೇಲಿನಿಂದ ಹಬ್ ಒತ್ತಿದರೆ ಏನಾಗುತ್ತದೆ ನೋಡಿ. ಬಲ ಹಬ್‌ನಿಂದ ಒಳ ರೇಸ್‌ಗೆ, ಅಲ್ಲಿಂದ ಗುಂಡುಗಳಿಗೆ, ಗುಂಡುಗಳಿಂದ ಹೊರ ರೇಸ್‌ಗೆ, ಕೊನೆಗೆ ನಕಲ್‌ಗೆ ಹೋಗುತ್ತದೆ. ಗುಂಡು ರೇಸ್‌ಗೆ ತಾಗುವ ಜಾಗ ಸಾಸಿವೆಗಿಂತ ಸಣ್ಣದು. ಟನ್ನುಗಟ್ಟಲೆ ಒತ್ತಡ ಆ ಚುಕ್ಕೆಗಳಲ್ಲಿ ಇಳಿದಾಗ ನುಣುಪಾದ ದಾರಿಯಲ್ಲಿ ಪ್ರತಿ ಗುಂಡಿಗೂ ಒಂದೊಂದು ಕುಳಿ ಬೀಳುತ್ತದೆ. ಮುಂದೆ ಚಕ್ರದ ಪ್ರತಿ ಸುತ್ತಿಗೂ ಗುಂಡುಗಳು ಆ ಕುಳಿಗಳಲ್ಲಿ ಬಿದ್ದೆದ್ದು ಹೋಗುತ್ತವೆ. ಕುಳಿಯ ಅಂಚು ಮೆಲ್ಲಗೆ ಉದುರುತ್ತದೆ, ಸದ್ದು ಬೆಳೆಯುತ್ತದೆ.

ಸರಿಯಾದ ಕ್ರಮ: ನಕಲ್‌ನ ಒಳಬದಿ ಕೆಳಗೆ ಬರಲಿ. ಬೇರಿಂಗ್‌ನ ಒಳ ರೇಸ್‌ನ ಕೆಳ ಅಂಚಿಗೆ ಒಂದು ಗಟ್ಟಿ ಕೊಳವೆ ಆಧಾರ ಕೊಡಿ. ಕೊಳವೆಯ ಹೊರವ್ಯಾಸ ಸೀಲ್‌ಗೆ ತಾಗದಷ್ಟು ಚಿಕ್ಕದಿರಬೇಕು, ಒಳವ್ಯಾಸ ಹಬ್‌ನ ತುದಿ ಇಳಿಯುವಷ್ಟು ದೊಡ್ಡದಿರಬೇಕು. ನಕಲ್ ಯಾವುದಕ್ಕೂ ಆನಿಸಿರಬಾರದು, ಸಹಾಯಕರು ಅಲುಗದಂತೆ ಹಿಡಿದುಕೊಂಡರೆ ಸಾಕು. ಒತ್ತುವ ಮೊದಲು ಡಸ್ಟ್ ಶೀಲ್ಡ್ ಜಾಗದಲ್ಲಿದೆಯೇ ನೋಡಿ. ಎಷ್ಟೋ ಕಾರುಗಳಲ್ಲಿ ಹಬ್ ಕೂತ ಮೇಲೆ ಅದನ್ನು ಹಾಕಲು ಬರುವುದಿಲ್ಲ.

ಹಬ್ ನೇರವಾಗಿಟ್ಟು ನಿಧಾನ ಒತ್ತಿ. ಕೂತ ಮೇಲೆ ಕೈಯಿಂದ ತಿರುಗಿಸಿ. ಸೀಲ್‌ನಿಂದಾಗಿ ಒಂದೇ ಸಮನೆ ತುಸು ಬಿಗಿ ಇರುವುದು ಸರಿ. ಮೆಟ್ಟಿಲು ಹತ್ತಿಳಿದಂತೆ ಕಟ್ ಕಟ್ ಎಂದು ತಡೆದರೆ ಅದನ್ನು ಕಾರಿಗೆ ಹಾಕಬೇಡಿ. ಓಡುತ್ತಾ ಓಡುತ್ತಾ ಸರಿಹೋಗುವ ದೋಷ ಅದಲ್ಲ.

### ಎರಡು ಬಿಡಿ ಬೇರಿಂಗ್‌ಗಳಿದ್ದರೆ

ಕೆಲವು ತೀರಾ ಹಳೆಯ ಸಣ್ಣ ಕಾರುಗಳಲ್ಲಿ ಒಂದು ಜೋಡಿ ಸಾಲಿನ ಬೇರಿಂಗ್ ಬದಲು ಎರಡು ಬಿಡಿ ಬೇರಿಂಗ್‌ಗಳು, ನಡುವೆ ಒಂದು ಸ್ಪೇಸರ್ ಕೊಳವೆ ಇರುತ್ತದೆ. ಸ್ಪೇಸರ್ ಮರೆತರೆ ಅಥವಾ ಬೇರೆ ಉದ್ದದ್ದು ಹಾಕಿದರೆ ಆಕ್ಸಲ್ ನಟ್ ಬಿಗಿಯುವಾಗ ಎರಡೂ ಒಳ ರೇಸ್‌ಗಳು ಒಂದರ ಕಡೆಗೊಂದು ಎಳೆದುಕೊಂಡು ಗುಂಡುಗಳು ಅಡ್ಡಕ್ಕೆ ಹಿಂಡಿಹೋಗುತ್ತವೆ. ಕೆಲವೇ ಕಿಲೋಮೀಟರ್‌ಗಳಲ್ಲಿ ಹಬ್ ಕೈ ಸುಡುವಷ್ಟು ಕಾಯುತ್ತದೆ.

ಒಂದು ಬದಿ ಮಾತ್ರ ಸೀಲ್ ಇರುವ ಬೇರಿಂಗ್‌ಗಳಾದರೆ ಸೀಲ್ ಹೊರಗಡೆಗೆ, ತೆರೆದ ಬದಿ ಸ್ಪೇಸರ್ ಕಡೆಗೆ ಬರಬೇಕು. ಇವಕ್ಕೆ ವೀಲ್ ಬೇರಿಂಗ್ ಗ್ರೀಸ್ ತುಂಬಬೇಕು: ಗುಂಡುಗಳ ನಡುವೆ ಪೂರ್ತಿ, ನಡುವಿನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದಷ್ಟು. ಗಿಡಿದು ತುಂಬಿದರೆ ಗ್ರೀಸ್ ಕಡೆದು ಕಡೆದು ಬಿಸಿಯಾಗಿ ಸೀಲ್ ದಾಟಿ ಬ್ರೇಕ್ ಮೇಲೆ ಬರುತ್ತದೆ.

## ಹಂತ 9: ಮರುಜೋಡಣೆ

ಬಿಚ್ಚಿದ್ದರ ತಿರುಗು ಕ್ರಮ. ಸ್ಟ್ರಟ್ ಬೋಲ್ಟ್‌ಗಳನ್ನು ಬಣ್ಣದ ಗೆರೆಗೆ ಹೊಂದಿಸಿ. ಶಾಫ್ಟ್‌ನ ಸ್ಪ್ಲೈನ್‌ಗಳನ್ನು (ಉದ್ದುದ್ದ ಹಲ್ಲುಗಳನ್ನು) ಬ್ರಷ್‌ನಿಂದ ಉಜ್ಜಿ, ಹಬ್‌ನೊಳಗೆ ಕೈಯಿಂದ ತೂರಿಸಿ. ಸುತ್ತಿಗೆಯಿಂದ ತಟ್ಟಿ ಸೇರಿಸಬೇಡಿ, ಆ ಏಟು ನೇರ ಹೊಸ ಬೇರಿಂಗ್‌ಗೆ ಹೋಗುತ್ತದೆ. ಡಿಸ್ಕ್ ಕೂರುವ ಹಬ್‌ನ ಮುಖದಲ್ಲಿ ತುಕ್ಕು ಉಳಿದರೆ ಡಿಸ್ಕ್ ಓಲಾಡಿ ಬ್ರೇಕ್ ಪೆಡಲ್ ನಡುಗುತ್ತದೆ. ಎಲ್ಲ ಬೋಲ್ಟ್‌ಗಳ ಬಿಗಿತಕ್ಕೂ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಸಂಖ್ಯೆಯನ್ನೇ ಹಿಡಿಯಿರಿ. ಕ್ಯಾಲಿಪರ್ ಕೂಡಿಸಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ.

## ಹಂತ 10: ಆಕ್ಸಲ್ ನಟ್: ಚಕ್ರ ಗಾಳಿಯಲ್ಲಿರುವಾಗಲೇ

ಬಿಚ್ಚುವಾಗ ನೆಲದ ಮೇಲೆ ಬಿಚ್ಚಿದೆವು, ಹಾಗಾಗಿ ಬಿಗಿಯುವುದೂ ನೆಲಕ್ಕಿಳಿಸಿದ ಮೇಲೆ ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಆಗ ಬಿಸಾಡುವ ಬೇರಿಂಗ್ ಇತ್ತು, ಈಗ ಇರುವುದು ಹೊಸದು. ಈ ಬೇರಿಂಗ್‌ನ ಒಳ ರೇಸ್ ಎರಡು ತುಂಡು. ಅವೆರಡನ್ನೂ ಒಂದಕ್ಕೊಂದು ಅಪ್ಪಿಸಿ ಹಿಡಿದಿರುವುದು ಆಕ್ಸಲ್ ನಟ್‌ನ ಬಿಗಿತ. ನಟ್ ಸಡಿಲವಿರುವಾಗ ಕಾರಿನ ಭಾರ ಬಿದ್ದರೆ ಎರಡು ತುಂಡುಗಳು ಬೇರೆಯಾಗಿ ಗುಂಡುಗಳು ತಪ್ಪು ಜಾಗದಲ್ಲಿ ಭಾರ ಹೊರುತ್ತವೆ.

ಆದ್ದರಿಂದ ಕಾರು ಸ್ಟ್ಯಾಂಡ್ ಮೇಲಿರಲಿ, ಸಹಾಯಕರು ಬ್ರೇಕ್ ಗಟ್ಟಿಯಾಗಿ ಒತ್ತಿರಲಿ. ಹೊಸ ನಟ್ ಹಾಕಿ ಮೊದಲು ಅರ್ಧ ಟಾರ್ಕ್‌ಗೆ ತನ್ನಿ. ಬ್ರೇಕ್ ಬಿಟ್ಟು ಹಬ್ ಅನ್ನು ಏಳೆಂಟು ಸುತ್ತು ತಿರುಗಿಸಿ, ಗುಂಡುಗಳು ತಮ್ಮ ದಾರಿಗೆ ಕೂರಲಿ. ಆಮೇಲೆ ಪೂರ್ತಿ ಟಾರ್ಕ್. ಸಣ್ಣ ಕಾರುಗಳಲ್ಲಿ ಇದು ಬಹುಮಟ್ಟಿಗೆ 150ರಿಂದ 250 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಮಾದರಿಯ ನಿಖರ ಸಂಖ್ಯೆ ಕೈಪಿಡಿಯಲ್ಲಿದೆ. ಕೈಪಿಡಿಯಲ್ಲಿ ಕಿಲೋಗ್ರಾಂ ಮೀಟರ್ ಎಂದಿದ್ದರೆ 9.8ರಿಂದ ಗುಣಿಸಿ. ಇಂಪ್ಯಾಕ್ಟ್ ಗನ್‌ನಿಂದ ಬಿಗಿಯಬೇಡಿ. ಎಷ್ಟು ಬಿಗಿಯಾಯಿತು ಎನ್ನುವುದು ತಿಳಿಯುವುದಿಲ್ಲ, ಅದರ ಏಟು ಬೇರಿಂಗ್‌ಗೂ ಒಳ್ಳೆಯದಲ್ಲ.

ಟಾರ್ಕ್ ಮುಟ್ಟಿದ ಮೇಲೆ ನಟ್‌ನ ಅಂಚನ್ನು ಮೊಂಡು ಪಂಚ್‌ನಿಂದ ಶಾಫ್ಟ್‌ನ ತೋಡಿಗೆ ತಟ್ಟಿ ಕೂರಿಸಿ. ಚೂಪಾದ ಉಳಿಯಿಂದ ತಟ್ಟಿದರೆ ಅಂಚು ಹರಿಯುತ್ತದೆ. ಸ್ಪ್ಲಿಟ್ ಪಿನ್ ಬಗೆಯಲ್ಲಿ ತೂತು ಹೊಂದದಿದ್ದರೆ ಮುಂದಕ್ಕೆ ಸ್ವಲ್ಪ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಇಷ್ಟೆಲ್ಲ ಆದ ಮೇಲೆಯೇ ಕಾರನ್ನು ನೆಲಕ್ಕಿಳಿಸಿ.

## ಹಂತ 11: ಓಡಿಸಿ ನೋಡುವುದು

ಮೊದಲು ನಿಧಾನ ವೇಗದಲ್ಲಿ ಬ್ರೇಕ್ ಪರೀಕ್ಷಿಸಿ. ಆಮೇಲೆ ಬ್ರೇಕ್ ಕಡಿಮೆ ಬಳಸುತ್ತಾ 15ರಿಂದ 20 ಕಿ.ಮೀ. ಓಡಿಸಿ, ನಿಲ್ಲಿಸಿ, ಎರಡೂ ಬದಿಯ ಹಬ್‌ನ ಬಳಿ ಕೈ ಹಿಡಿದು ಶಾಖ ಹೋಲಿಸಿ. ಡಿಸ್ಕ್ ಮುಟ್ಟಬೇಡಿ. ಒಂದು ಬದಿ ಮಾತ್ರ ಹೆಚ್ಚು ಬಿಸಿಯಿದ್ದರೆ ಮೊದಲು ಬ್ರೇಕ್ ಕಚ್ಚಿಕೊಂಡಿದೆಯೇ ನೋಡಿ, ಅದು ಸರಿಯಿದ್ದರೆ ಅನುಮಾನ ಬೇರಿಂಗ್ ಮೇಲೆ. 50ರಿಂದ 100 ಕಿ.ಮೀ. ಆದ ಮೇಲೆ ಚಕ್ರದ ನಟ್‌ಗಳ ಟಾರ್ಕ್ ಮತ್ತೊಮ್ಮೆ ನೋಡಿ. ಸ್ಟ್ರಟ್ ಬೋಲ್ಟ್ ಬಿಚ್ಚಿದ್ದರೆ, ಬಣ್ಣದ ಗೆರೆ ಎಷ್ಟೇ ಸರಿಯಾಗಿ ಕೂಡಿದ್ದರೂ, ಅಲೈನ್‌ಮೆಂಟ್ ಮಾಡಿಸಿ.

## ಮುಗಿದ ಮೇಲೆ ಈ ಲಕ್ಷಣ ಕಂಡರೆ

ಮೊದಲ ದಿನದಿಂದಲೇ ಗುಂಯ್ ಸದ್ದು: ಒತ್ತುವಾಗ ಬಲ ಗುಂಡುಗಳ ಮೂಲಕ ಹೋಗಿದೆ, ಇಲ್ಲವೇ ಸದ್ದು ಮೊದಲಿನಿಂದಲೂ ಇನ್ನೊಂದು ಬದಿಯದೋ ಟೈರ್‌ನದೋ ಆಗಿತ್ತು. ಮತ್ತೆ ಬಿಚ್ಚುವ ಮುನ್ನ ಸ್ಪ್ರಿಂಗ್ ಮೇಲೆ ಕೈಯಿಟ್ಟು ಎರಡೂ ಬದಿ ನೋಡಿ.

ಹೊರಡುವಾಗ, ರಿವರ್ಸ್ ಹಾಕುವಾಗ ಒಂದೇ ಸಲ ಟಕ್ ಎನ್ನುವುದು: ಆಕ್ಸಲ್ ನಟ್‌ಗೆ ಟಾರ್ಕ್ ಸಾಲದೆ ಶಾಫ್ಟ್ ಹಬ್‌ನೊಳಗೆ ಮಿಸುಕುತ್ತಿರಬಹುದು. ಕಾರು ಓಡಿಸುವುದು ನಿಲ್ಲಿಸಿ, ಎತ್ತಿ, ಹೊಸ ನಟ್ ಹಾಕಿ ಬಿಗಿಯಿರಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದು ಸಾಲಾಗಿ ಬಂದರೆ ಅದು ಡ್ರೈವ್ ಶಾಫ್ಟ್‌ನ ಹೊರ ಜಾಯಿಂಟ್.

ಕೆಲವು ವಾರಗಳಲ್ಲಿ ಅಲುಗಾಟ: ನಟ್ ಸಡಿಲವಾಗಿದೆ, ಸರ್ಕ್ಲಿಪ್ ತೋಡಿಗೆ ಕೂತಿಲ್ಲ, ಅಥವಾ ಸವೆದ ಹಬ್ ಮೇಲೆ ರೇಸ್ ತಿರುಗುತ್ತಿದೆ. ನಟ್ ಅನ್ನು ಇನ್ನಷ್ಟು ಬಿಗಿದು ಸುಮ್ಮನಾಗಬೇಡಿ. ಒಮ್ಮೆ ಸಡಿಲವಾಗಿ ಓಡಿದ ಬೇರಿಂಗ್ ಒಳಗೆ ಆಗಲೇ ಕೆಟ್ಟಿರುತ್ತದೆ.

ಸಣ್ಣ ಉಜ್ಜಾಟದ ಸದ್ದು, ಚಕ್ರದ ಪ್ರತಿ ಸುತ್ತಿಗೂ ಒಮ್ಮೆ: ಡಸ್ಟ್ ಶೀಲ್ಡ್ ಬಗ್ಗಿ ಡಿಸ್ಕ್‌ಗೆ ತಾಗುತ್ತಿದೆ. ಬೆರಳಿನಿಂದ ಹಿಂದಕ್ಕೆ ಬಗ್ಗಿಸಿದರೆ ಸರಿಹೋಗುತ್ತದೆ.